ಹುಟ್ಟಿದ ಮೇಕೆ ಮರಿಗೆ ತಾಯಿ ಹಾಲು ಕುಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮರಿ ಮೊಲೆ ಬಾಯಿಗೆ ಹಾಕಿಕೊಂಡಿದೆ ಅಂದ ಮಾತ್ರಕ್ಕೆ ಹಾಲು ಹೊಟ್ಟೆಗೆ ಹೋಗಿದೆ ಅಂತಲ್ಲ. ಇದನ್ನು ನಾನು ಕಲಿತದ್ದು ಒಂದು ಮರಿ ಕಳೆದುಕೊಂಡ ಮೇಲೆ. ಅವಳಿ ಮರಿಗಳು. ಎರಡೂ ಎದ್ದು ನಿಂತವು, ಎರಡೂ ಮೊಲೆ ಹಿಡಿದವು, ಬಾಲ ಆಡಿಸಿದವು. ನಾನು ನೆಮ್ಮದಿಯಾಗಿ ಹೋಗಿ ಮಲಗಿದೆ. ಬೆಳಗ್ಗೆ ಬಂದು ನೋಡಿದರೆ ಒಂದು ಮರಿಯ ಬಾಯಿ ತಣ್ಣಗಾಗಿತ್ತು. ಮಧ್ಯಾಹ್ನಕ್ಕೆ ಅದು ಉಳಿಯಲಿಲ್ಲ. ಆಮೇಲೆ ಅದು ಹಿಡಿದಿದ್ದ ಎಡಗಡೆ ಮೊಲೆ ಹಿಂಡಿ ನೋಡಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಸ್ವಲ್ಪ ಬಿಗಿಯಾಗಿ ಹಿಂಡಿದಾಗ ತುದಿಯಿಂದ ಅಕ್ಕಿಕಾಳಿನಷ್ಟು ದಪ್ಪದ ಮೇಣದಂಥ ತುಂಡೊಂದು ಜಾರಿ ಬಂತು. ಅದರ ಹಿಂದೆಯೇ ಹಳದಿ ಗಿಣ್ಣು ಹಾಲು ಧಾರೆಯಾಗಿ ಸುರಿಯಿತು. ಹಾಲು ಇತ್ತು, ಮರಿಗೆ ಸಿಗಲಿಲ್ಲ ಅಷ್ಟೇ.

ಅಂದಿನಿಂದ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವುದನ್ನು ಬಿಟ್ಟಿದ್ದೇನೆ. ಪ್ರತಿ ಮರಿಯ ಹೊಟ್ಟೆ ಮುಟ್ಟಿ ನೋಡುತ್ತೇನೆ. ಮೊದಲ ಸಲ ಮೇಕೆ ಈಯಿಸುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಹುಟ್ಟಿದ ಎಷ್ಟು ಹೊತ್ತಿಗೆ ಮರಿ ಹಾಲು ಕುಡಿಯಬೇಕು?

ಗಟ್ಟಿಮುಟ್ಟಾದ ಮರಿ 15 ರಿಂದ 30 ನಿಮಿಷದಲ್ಲಿ ಎದ್ದು ನಿಲ್ಲಲು ನೋಡುತ್ತದೆ. ಒಂದು ಗಂಟೆಯೊಳಗೆ ಮೊದಲ ಗುಟುಕು ಹೋದರೆ ಒಳ್ಳೆಯದು. ಎರಡು ಗಂಟೆ ಕಳೆದರೂ ಕುಡಿದಿಲ್ಲ ಅಂದರೆ ಸುಮ್ನೆ ಕೂರಬೇಡಿ, ಕೈ ಹಾಕಿ. ಅದಕ್ಕೂ ಮೊದಲೇ ಅವಸರಪಟ್ಟು ಮಧ್ಯೆ ಹೋಗುವುದೂ ಬೇಡ. ಬೀಳುವುದು, ಏಳುವುದು, ತಪ್ಪು ಜಾಗದಲ್ಲಿ ಚೀಪುವುದು, ಇವೆಲ್ಲ ಮರಿ ಕಲಿಯುವ ರೀತಿ.

ಗಿಣ್ಣು ಹಾಲಿಗೆ ಯಾಕೆ ಇಷ್ಟು ಅವಸರ?

ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿ ಸ್ವಲ್ಪ ಮಟ್ಟಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಸಿಗುತ್ತದೆ. ಮೇಕೆಯಲ್ಲಿ ಹಾಗಿಲ್ಲ. ತಾಯಿಯ ರಕ್ತದಲ್ಲಿರುವ ರೋಗ ತಡೆಯುವ ಅಂಶಗಳು ಮಾಸು ದಾಟಿ ಮರಿಗೆ ಬರುವುದಿಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಆ ಅಂಶಗಳೆಲ್ಲ ಗಿಣ್ಣು ಹಾಲಿನಲ್ಲಿ ಇರುತ್ತವೆ.

ಇನ್ನೊಂದು ವಿಷಯವಿದೆ. ಹುಟ್ಟಿದ ಹೊತ್ತಿನಲ್ಲಿ ಮರಿಯ ಕರುಳು ಈ ಅಂಶಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ಬಿಡುತ್ತದೆ. ಈ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಬಂದು, ಸುಮಾರು 24 ಗಂಟೆ ಹೊತ್ತಿಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಮೊದಲ ಆರು ಗಂಟೆಯಲ್ಲಿ ಕುಡಿದ ಗಿಣ್ಣಿಗೆ ಬೆಲೆ ಜಾಸ್ತಿ. ಮಾರನೇ ದಿನ ಎಷ್ಟು ಕುಡಿಸಿದರೂ ಅದು ಹೊಟ್ಟೆ ತುಂಬಿಸುತ್ತದೆಯೇ ಹೊರತು ಆ ಕಾವಲು ಮರಳಿ ಸಿಗುವುದಿಲ್ಲ.

ಗಿಣ್ಣು ಒಳಗಿನ ಕಾವನ್ನೂ ಉಳಿಸುತ್ತದೆ. ಮರಿ ಒದ್ದೆ ಮೈಯಲ್ಲಿ ಹುಟ್ಟುತ್ತದೆ, ಮೈಯಲ್ಲಿರುವ ಕೊಬ್ಬು ಸ್ವಲ್ಪವೇ. ಅದು ಕೆಲವೇ ಗಂಟೆಗಳಲ್ಲಿ ಕರಗಿ ಹೋಗುತ್ತದೆ.

ಮರಿ ಬಿದ್ದ ತಕ್ಷಣ ನಾನು ಏನು ಮಾಡಬೇಕು?

ಮೂಗು ಬಾಯಿಯ ಲೋಳೆ ಒರೆಸಿ, ಉಸಿರಾಡುತ್ತಿದೆಯೇ ನೋಡಿ, ಮರಿಯನ್ನು ತಾಯಿಯ ಮೂತಿಯ ಹತ್ತಿರ ಇಡಿ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ತಾಯಿ ಆ ನೀರು, ಲೋಳೆ ನೆಕ್ಕುತ್ತಲೇ ಮರಿಯ ವಾಸನೆ ಗುರುತು ಹಿಡಿಯುತ್ತದೆ. ನೀವೇ ಪೂರ್ತಿ ಒರೆಸಿ ಬೆಳ್ಳಗೆ ಮಾಡಿಬಿಟ್ಟರೆ ತಾಯಿಗೆ ನೆಕ್ಕಲು ಏನೂ ಉಳಿಯುವುದಿಲ್ಲ. ಚಳಿ ಜಾಸ್ತಿ ಇದ್ದರೆ ಒರೆಸಲೇಬೇಕು, ಆದರೆ ತಾಯಿಯ ಮುಂದೆಯೇ ಒರೆಸಿ. ಅದೂ ನೆಕ್ಕಲಿ, ನೀವೂ ಒರೆಸಿ.

ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ.

ತಾಯಿ ನೆಕ್ಕುತ್ತಿರುವಾಗ ಕೈ ತೊಳೆದುಕೊಂಡು, ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಕೆಚ್ಚಲು ಒರೆಸಿ, ಎರಡೂ ಮೊಲೆಗಳಿಂದ ಎರಡು ಮೂರು ಧಾರೆ ಹಿಂಡಿ. ಎರಡೂ ಮೊಲೆ, ನೆನಪಿರಲಿ. ತುದಿಯ ಮೇಣ ಬಿಟ್ಟುಕೊಂಡು ಧಾರೆ ಸಲೀಸಾಗಿ ಬರಬೇಕು. ಹಾಲಿನಲ್ಲಿ ಗಂಟು, ರಕ್ತ, ನೀರಿನಂಥ ತೆಳುವು ಇದೆಯೇ ಅನ್ನುವುದೂ ಈಗಲೇ ಕಾಣುತ್ತದೆ. ಕೆಚ್ಚಲ ಸುತ್ತ, ತೊಡೆಯ ಒಳಗೆ ಉದ್ದ ಕೂದಲಿದ್ದರೆ ಕತ್ತರಿಸಿ. ಈಯುವ ವಾರದ ಮೊದಲೇ ಈ ಕೆಲಸ ಮುಗಿಸಿದ್ದರೆ ಇನ್ನೂ ಒಳ್ಳೆಯದು. ಮರಿ ಕೂದಲಿನ ಜುಟ್ಟನ್ನೇ ಮೊಲೆ ಅಂದುಕೊಂಡು ಗಂಟೆಗಟ್ಟಲೆ ಚೀಪಿದ್ದನ್ನು ನೋಡಿದ್ದೇನೆ.

ಕಸ (ಮಾಸು) ಬೀಳುವ ತನಕ ಹಾಲು ಕುಡಿಸದೆ ಕಾಯಬೇಕಾ?

ಬೇಡವೇ ಬೇಡ. ಮರಿ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬಿಡುಗಡೆ ಆಗುತ್ತದೆ. ಹಾಲು ಇಳಿಯುವುದೂ ಅದರಿಂದಲೇ, ಗರ್ಭಕೋಶ ಕುಗ್ಗುವುದೂ ಅದರಿಂದಲೇ. ಅಂದರೆ ಮರಿ ಕುಡಿದರೆ ಕಸ ಬೀಳಲು ಅನುಕೂಲ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಕಸ ಬೀಳುತ್ತದೆ. 12 ಗಂಟೆ ಕಳೆದರೂ ಬೀಳದಿದ್ದರೆ ಪಶುವೈದ್ಯರನ್ನು ಕರೆಯಿರಿ. ಜೋತಾಡುತ್ತಿದೆ ಅಂತ ಕೈಯಿಂದ ಎಳೆಯಬೇಡಿ.

ಮರಿಗೆ ಮೊಲೆ ಸಿಗುತ್ತಿಲ್ಲ. ಹೇಗೆ ಹಿಡಿಸುವುದು?

ಬಹಳ ಜನ ಇಲ್ಲೇ ಎಡವುತ್ತಾರೆ. ಮರಿಯ ತಲೆ ಹಿಡಿದು ಮೊಲೆಯ ಕಡೆ ತಳ್ಳುತ್ತಾರೆ. ತಳ್ಳಿದಷ್ಟೂ ಮರಿ ಕತ್ತು ಬಿಗಿ ಮಾಡಿ ಹಿಂದಕ್ಕೆ ಎಳೆಯುತ್ತದೆ. ಹತ್ತು ನಿಮಿಷ ಹೀಗೆ ಗುದ್ದಾಡಿದರೆ ಮರಿಗೂ ಸುಸ್ತು, ತಾಯಿಗೂ ಗಾಬರಿ, ನಿಮಗೂ ಸಿಟ್ಟು.

ಮರಿ ಹೇಗೆ ಹುಡುಕುತ್ತದೆ ಅನ್ನುವುದನ್ನು ಒಂದು ಸಲ ಸುಮ್ನೆ ಕೂತು ನೋಡಿ. ಅದು ತಾಯಿಯ ಮೈಗೆ ಮೂತಿ ಉಜ್ಜುತ್ತಾ ಹೋಗುತ್ತದೆ. ಎಲ್ಲಿ ಕತ್ತಲು, ಎಲ್ಲಿ ಬಿಸಿ, ಎಲ್ಲಿ ಕೂದಲಿಲ್ಲದ ಮೆತ್ತನೆ ಚರ್ಮ, ಅಲ್ಲಿ ಮೂತಿ ಮೇಲೆತ್ತಿ ತಡಕುತ್ತದೆ. ಮುಂಗಾಲ ಸಂದಿಯಲ್ಲೂ ಇವೆಲ್ಲ ಇರುವುದರಿಂದ ಕೆಲವು ಮರಿಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಇದೇ ಗುಣವನ್ನು ನಾವು ಉಪಯೋಗಿಸಿಕೊಳ್ಳಬೇಕು.

ತಾಯಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿ. ಜೊತೆಗೆ ಒಬ್ಬರಿದ್ದರೆ ಅವರು ತಲೆ ಹಿಡಿದುಕೊಳ್ಳಲಿ. ನೀವು ಮಂಡಿಯೂರಿ ಕೂತು, ಮರಿಯನ್ನು ಅದರ ಕಾಲ ಮೇಲೆಯೇ ನಿಲ್ಲಿಸಿ. ಒಂದು ಕೈ ಮರಿಯ ಎದೆಯ ಕೆಳಗೆ ಆಸರೆಯಾಗಿ ಇರಲಿ. ಇನ್ನೊಂದು ಕೈಯಿಂದ ಮೊಲೆ ಹಿಂಡಿ ಒಂದು ಹನಿ ಹಾಲನ್ನು ಮರಿಯ ತುಟಿಗೆ ಸವರಿ. ಅದು ನಾಲಗೆ ಚಪ್ಪರಿಸಿದಾಗ, ಬಾಯಿಯ ಪಕ್ಕದಿಂದ ಬೆರಳು ತೂರಿಸಿ ಬಾಯಿ ತುಸು ತೆರೆದು ಮೊಲೆ ಒಳಗಿಡಿ. ಈಗ ಎದೆಯ ಕೆಳಗಿದ್ದ ಕೈ ತೆಗೆದು ಮರಿಯ ಬಾಲದ ಬುಡವನ್ನು ಬೆರಳಿನಿಂದ ಮೆಲ್ಲಗೆ ಕೆರೆಯಿರಿ. ಮರಿ ಕುಡಿಯುವಾಗ ತಾಯಿ ನೆಕ್ಕುವುದು ಅಲ್ಲೇ. ಅಲ್ಲಿ ಕೆರೆದ ತಕ್ಷಣ ಬಹಳಷ್ಟು ಮರಿಗಳು ಮುಂದೆ ನುಗ್ಗಿ ಚೀಪಲು ಶುರು ಮಾಡುತ್ತವೆ. ಇನ್ನೂ ಒಪ್ಪದಿದ್ದರೆ ಅಂಗೈಯಿಂದ ಅದರ ಕಣ್ಣು ಮುಚ್ಚಿ. ಕತ್ತಲಾದರೆ ಹೊಟ್ಟೆಯಡಿ ಬಂದಿದ್ದೇನೆ ಅನ್ನಿಸುತ್ತದೋ ಏನೋ, ಮೂತಿ ತಾನಾಗಿ ಮೇಲೇಳುತ್ತದೆ.

ಐದು ನಿಮಿಷಕ್ಕಿಂತ ಜಾಸ್ತಿ ಪಟ್ಟು ಹಿಡಿಯಬೇಡಿ. ಬಿಟ್ಟು, ಅರ್ಧ ಗಂಟೆ ಆದ ಮೇಲೆ ಮತ್ತೆ ಪ್ರಯತ್ನಿಸಿ. ಸಾಮಾನ್ಯವಾಗಿ ಎರಡು ಮೂರು ಸಲ ದಾರಿ ತೋರಿಸಿದರೆ ಮರಿ ತಾನೇ ಕಲಿಯುತ್ತದೆ.

ಹಾಲು ನಿಜವಾಗಿ ಹೊಟ್ಟೆಗೆ ಹೋಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ಬಾಲ ಪಟಪಟ ಆಡಿದರೆ ಒಳ್ಳೆಯ ಲಕ್ಷಣ. ಆದರೆ ಹಾಲು ಬರದ ಮೊಲೆ ಚೀಪುವಾಗಲೂ ಬಾಲ ಆಡುತ್ತದೆ, ಅದೊಂದನ್ನೇ ನಂಬಬೇಡಿ. ಗಂಟಲು ನೋಡಿ. ಒಂದೇ ಲಯದಲ್ಲಿ ನುಂಗುವುದು ಕಾಣುತ್ತದೆ, ಕಿವಿಗೊಟ್ಟರೆ ಕೇಳಿಸುತ್ತದೆ ಕೂಡ. ಹಾಲು ಬರದಿದ್ದಾಗ ಮರಿ ಮೊಲೆಯಿಂದ ಮೊಲೆಗೆ ಹಾರುತ್ತದೆ, ಪದೇ ಪದೇ ಗುಮ್ಮುತ್ತದೆ, ಅರಚುತ್ತದೆ.

ಕೊನೆಯ ತೀರ್ಪು ಕೈಯದ್ದೇ. ಮರಿಯನ್ನು ನಿಲ್ಲಿಸಿ, ಹಿಂದಿನಿಂದ ಎರಡೂ ಕೈಗಳನ್ನು ಪಕ್ಕೆಲುಬಿನ ಹಿಂದೆ ಹೊಟ್ಟೆಯ ಕೆಳಗೆ ಇಟ್ಟು ಮೆಲ್ಲಗೆ ಎತ್ತಿದಂತೆ ಮಾಡಿ. ಕುಡಿದ ಹೊಟ್ಟೆ ದುಂಡಗೆ, ಮೆತ್ತಗೆ, ಕೈಗೆ ತುಂಬಿಕೊಂಡಂತೆ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಎರಡೂ ಕಡೆಯ ಬೆರಳುಗಳು ಒಂದಕ್ಕೊಂದು ತಾಕಿದಂತೆ ಆಗುತ್ತದೆ. ಮೊದಲು ನೀವು ಕಣ್ಣಾರೆ ಕುಡಿಸಿದ ಮರಿಯನ್ನು ಹೀಗೆ ಮುಟ್ಟಿ ನೋಡಿ, ಕೈಗೆ ಅಭ್ಯಾಸ ಆಗಲಿ. ಬಿಗಿದ ಡೋಲಿನಂತೆ ಗಟ್ಟಿಯಾಗಿದ್ದರೆ ಅದು ಹೊಟ್ಟೆ ತುಂಬಿದ್ದಲ್ಲ, ಹೊಟ್ಟೆ ಉಬ್ಬಿದ್ದು. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಹಾಗೇ ಬಾಯೊಳಗೆ ಒಂದು ಬೆರಳಿಡಿ. ಬಾಯಿ ಬೆಚ್ಚಗಿರಬೇಕು, ಬೆರಳನ್ನು ಎಳೆದು ಚೀಪಬೇಕು.

ಅಳುವ ಮಗುವಿಗೆ ಹಾಲು ಅನ್ನುತ್ತಾರೆ ಅಲ್ವಾ, ಆದರೆ ಅರಚುವ ಮರಿಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಬೆನ್ನು ಗೂನು ಮಾಡಿ, ಕಿವಿ ಇಳಿಬಿಟ್ಟು, ಸದ್ದಿಲ್ಲದೆ ಮೂಲೆಯಲ್ಲಿ ನಿಂತ ಮರಿಯ ಹತ್ತಿರ ಮೊದಲು ಹೋಗಿ. ಹೊಟ್ಟೆ ತುಂಬಿದ ಮರಿ ಎದ್ದ ಕೂಡಲೇ ಮೈ ಮುರಿಯುತ್ತದೆ, ನಾಲ್ಕು ಹೆಜ್ಜೆ ಕುಪ್ಪಳಿಸುತ್ತದೆ. ಅದನ್ನು ನೋಡುವುದೇ ಒಂದು ಖುಷಿ.

ಮರಿ ತಣ್ಣಗಾಗಿದೆ, ಚೀಪುತ್ತಲೇ ಇಲ್ಲ. ಬಾಯಿಗೆ ಹಾಲು ಹಾಕಲಾ?

ಹಾಕಬೇಡಿ. ಮೊದಲು ಬೆಚ್ಚಗೆ ಮಾಡಿ. ಮೈ ತಣ್ಣಗಾದ ಮರಿಗೆ ನುಂಗುವ ಶಕ್ತಿ ಇರುವುದಿಲ್ಲ. ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಗೆ ಹೋದರೂ ಜೀರ್ಣವಾಗದೆ ಹಾಗೇ ಕೂರುತ್ತದೆ.

ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಗುದದ್ವಾರದಲ್ಲಿ ನೋಡಿದಾಗ ಆರೋಗ್ಯವಂತ ಮರಿಯ ಉಷ್ಣತೆ 38.5 ರಿಂದ 39.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. 37.5ಕ್ಕಿಂತ ಕೆಳಗೆ ಇಳಿದಿದ್ದರೆ ಹಾಲಿನ ಯೋಚನೆ ಆಮೇಲೆ. ಮೈ ಒರೆಸಿ ಒಣಗಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳನ್ನು ಎರಡೂ ಪಕ್ಕೆಗೆ ಇಟ್ಟು, ಮೇಲೆ ಟವಲ್ ಹೊದಿಸಿ. ಬಹಳ ತಣ್ಣಗಾಗಿದ್ದರೆ ಮರಿಯನ್ನು ಕತ್ತಿನವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಿ, ತಲೆ ಹೊರಗೆ ಹಿಡಿದು, ಕೈಗೆ ಹಿತವಾಗುವಷ್ಟು ಬಿಸಿ ಇರುವ ನೀರಲ್ಲಿ ಮುಳುಗಿಸಬಹುದು. ಚೀಲ ಯಾಕೆ ಅಂದರೆ ಮೈಯ ವಾಸನೆ ತೊಳೆದುಹೋಗಬಾರದು. ಹೋದರೆ ತಾಯಿ ಗುರುತು ಹಿಡಿಯದೆ ಇರಬಹುದು.

ಹುಟ್ಟಿ ಐದು ಗಂಟೆ ಮೀರಿದ, ಏನೂ ಕುಡಿಯದ, 37 ಡಿಗ್ರಿಗಿಂತ ಕೆಳಗಿರುವ ಮರಿಯ ಕಥೆ ಬೇರೆ. ಅದರ ರಕ್ತದಲ್ಲಿ ಸಕ್ಕರೆ ಖಾಲಿಯಾಗಿರುತ್ತದೆ. ಹಾಗೇ ಬಿಸಿ ಮಾಡಿದರೆ ಉಳಿದ ಸಕ್ಕರೆಯೂ ಉರಿದು ಸೆಳೆತ ಬಂದು ಸಾಯಬಹುದು. ಬಿಸಿ ಮಾಡುವ ಮೊದಲು ಅದಕ್ಕೆ ಗ್ಲೂಕೋಸ್ ಇಂಜೆಕ್ಷನ್ ಬೇಕು. ಅದು ಪಶುವೈದ್ಯರ ಕೆಲಸ, ತಕ್ಷಣ ಫೋನ್ ಮಾಡಿ.

ತಾಯಿ ಒದೆಯುತ್ತದೆ, ಮರಿಯನ್ನು ಹತ್ತಿರ ಬಿಡುತ್ತಿಲ್ಲ. ಏನು ಮಾಡಲಿ?

ಕೆಟ್ಟ ತಾಯಿ ಅಂತ ಬೈಯುವ ಮೊದಲು ಕೆಚ್ಚಲು ಮುಟ್ಟಿ ನೋಡಿ. ಹಾಲು ತುಂಬಿ ಕಲ್ಲಿನಂತೆ ಬಿಗಿದಿದ್ದರೆ ಮುಟ್ಟಿದರೂ ನೋವು. ಸ್ವಲ್ಪ ಕರೆದು ಸಡಿಲ ಮಾಡಿ, ಆ ಹಾಲನ್ನು ಚೆಲ್ಲದೆ ಮರಿಗೆ ಇಡಿ. ಒಂದು ಭಾಗ ಮಾತ್ರ ಬಿಸಿಯಾಗಿ, ಕೆಂಪಾಗಿ, ಗಂಟು ಗಂಟಾಗಿದ್ದರೆ ಕೆಚ್ಚಲು ಬಾವು ಇರಬೇಕು. ಕೆಚ್ಚಲು ತಣ್ಣಗಾಗಿ ನೀಲಿ ಬಣ್ಣಕ್ಕೆ ತಿರುಗಿದ್ದರೆ ತಾಯಿಯ ಪ್ರಾಣಕ್ಕೇ ಅಪಾಯ, ಕಾಯಬೇಡಿ. ತೊಟ್ಟಿನಲ್ಲಿ ಸೀಳು, ಗಾಯ ಇದೆಯೇ ಅದನ್ನೂ ನೋಡಿ. ಮರಿಗೆ ಹುಟ್ಟುವಾಗಲೇ ಕೆಳಗಿನ ಹಲ್ಲು ಬಂದಿರುತ್ತವೆ, ಚೂಪಾಗಿದ್ದರೆ ಚುಚ್ಚುತ್ತವೆ.

ನೋವು ಏನೂ ಇಲ್ಲ ಅಂದರೆ ಹೆಚ್ಚಾಗಿ ಅದು ಚೊಚ್ಚಲು ಈದ ಮೇಕೆಯಾಗಿರುತ್ತದೆ. ಕಾಲ ಸಂದಿಯಲ್ಲಿ ಏನೋ ತೂರಿಕೊಂಡು ಗುಮ್ಮಿದರೆ ಅದು ಬೆಚ್ಚುವುದು ಸಹಜ. ತಾಯಿ ಮತ್ತು ಮರಿಯನ್ನು ಮಂದೆಯಿಂದ ಬೇರೆ ಮಾಡಿ, ತಾಯಿ ತಿರುಗಾಡಲು ಆಗುವಷ್ಟು ಮಾತ್ರ ಇರುವ ಚಿಕ್ಕ ಜಾಗದಲ್ಲಿ ಎರಡು ಮೂರು ದಿನ ಇಡಿ. ದಿನಕ್ಕೆ ಐದಾರು ಸಲ ತಾಯಿಯ ಮುಂದೆ ಮೇವಿಟ್ಟು, ಕತ್ತು ಹಿಡಿದು ಕಟ್ಟಿ, ಒಂದು ಹಿಂಗಾಲನ್ನು ನೆಲದಿಂದ ತುಸು ಎತ್ತಿ ಹಿಡಿದು ಮರಿಗೆ ಕುಡಿಸಿ. ಒದೆಯಲು ಹೋದರೆ ಬೀಳುತ್ತೇನೆ ಅಂತ ಅದಕ್ಕೆ ಗೊತ್ತಾಗುತ್ತದೆ. ಹೊಡೆಯಬೇಡಿ, ಕೂಗಾಡಬೇಡಿ. ಹೆದರಿದ ಮೇಕೆ ಹಾಲು ಇಳಿಸುವುದಿಲ್ಲ. ಮರಿ ಕುಡಿಯುವಾಗ ತಾಯಿ ತಲೆ ತಿರುಗಿಸಿ ಅದರ ಬಾಲ ಮೂಸಿತು ಅಂದರೆ ಅರ್ಧ ಗೆದ್ದಂತೆ.

ಅವಳಿಯಲ್ಲಿ ಒಂದನ್ನು ನೆಕ್ಕಿ ಇನ್ನೊಂದನ್ನು ಗುಮ್ಮುವ ತಾಯಂದಿರೂ ಇರುತ್ತವೆ. ಮಾಸು, ನೀರು ಇನ್ನೂ ಹಸಿಯಾಗಿದ್ದರೆ ಅದನ್ನು ಬೇಡವಾದ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿ ಮೂತಿಯ ಮುಂದೆ ಇಡಿ. ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಇದು ಚೆನ್ನಾಗಿ ಫಲ ಕೊಡುತ್ತದೆ. ತಡವಾದಷ್ಟೂ ಕಷ್ಟ. ಗುಮ್ಮಿ ಎತ್ತಿ ಎಸೆಯುವ ಮೇಕೆಯ ಹತ್ತಿರ ಮಾತ್ರ ಮರಿಯನ್ನು ಒಂಟಿಯಾಗಿ ಬಿಡಬೇಡಿ.

ತೊಟ್ಟು ತುಂಬ ದಪ್ಪ, ಕೆಚ್ಚಲು ನೆಲಕ್ಕೆ ತಾಕುವಷ್ಟು ಜೋತು ಬಿದ್ದಿದೆ.

ಹಲವು ಸಲ ಈದ, ಹಾಲು ಜಾಸ್ತಿ ಇರುವ ಮೇಕೆಯಲ್ಲಿ ಇದು ಇದ್ದದ್ದೇ. ಮರಿ ಮೂತಿ ಮೇಲೆತ್ತಿ ಹುಡುಕುತ್ತದೆ, ಮೊಲೆ ಅದರ ಮಂಡಿಯ ಹತ್ತಿರ ಇರುತ್ತದೆ. ಮೊದಲು ಕರೆದು ತೊಟ್ಟನ್ನು ಸಣ್ಣದು ಮಾಡಿ, ಆಮೇಲೆ ತೊಟ್ಟನ್ನು ಬೆರಳಲ್ಲಿ ಚಪ್ಪಟೆ ಹಿಡಿದು ಬಾಯಿಗಿಡಿ. ಎರಡು ಮೂರು ದಿನ ಮರಿಯ ತಲೆಯನ್ನು ಕೆಳಗೆ ತೋರಿಸಿಕೊಡಬೇಕಾಗುತ್ತದೆ. ಎಲ್ಲ ಮರಿಗಳೂ ಸುಲಭದ ಮೊಲೆಗೇ ಹೋಗುವುದರಿಂದ ಇನ್ನೊಂದು ಕಡೆ ಊದಿಕೊಳ್ಳುತ್ತದೆ, ಆ ಕಡೆ ನೀವೇ ಕರೆಯುತ್ತಾ ಇರಿ.

ಮೂರು ಮರಿ ಹುಟ್ಟಿವೆ, ಮೊಲೆ ಎರಡೇ.

ದೊಡ್ಡವು ಎರಡು ಮೊಲೆ ಹಿಡಿದು ನಿಲ್ಲುತ್ತವೆ, ಚಿಕ್ಕದು ಹಿಂದೆ ನಿಂತು ಕಾಯುತ್ತದೆ. ಅವು ಕುಡಿದು ಬಿಟ್ಟಾಗ ಕೆಚ್ಚಲು ಖಾಲಿ. ಮೊದಲ ದಿನ ಚಿಕ್ಕದಕ್ಕೆ ಮೊದಲ ಸರದಿ ಕೊಡಿ, ಉಳಿದೆರಡನ್ನು ಆ ಹೊತ್ತಿಗೆ ಎತ್ತಿ ಪಕ್ಕಕ್ಕಿಡಿ. ಮೂರಕ್ಕೂ ಸಾಲುವಷ್ಟು ಹಾಲು ಇಲ್ಲ ಅಂದರೆ ಬಾಟಲಿ ಸೇರಿಸಿ. ಆದರೆ ಮರಿಯನ್ನು ತಾಯಿಯ ಹತ್ತಿರವೇ ಬಿಡಿ. ಒಂದೇ ಮರಿ ಈದ, ಹಾಲು ಹೆಚ್ಚಿರುವ ಇನ್ನೊಂದು ಮೇಕೆ ಅದೇ ದಿನ ಈದಿದ್ದರೆ ಅದಕ್ಕೆ ಹೊಂದಿಸಲೂಬಹುದು.

ಬಾಟಲಿಯಲ್ಲಿ ಕೊಡಬೇಕಾದರೆ ಎಷ್ಟು, ಹೇಗೆ?

ಗಿಣ್ಣು ಹಾಲು ಒಂದು ಸಲಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 50 ಮಿಲಿ. ಎರಡು ಕಿಲೋ ಮರಿಗೆ 100 ಮಿಲಿ. ಮೊದಲ 24 ಗಂಟೆಯಲ್ಲಿ ಇಂಥ ಮೂರು ನಾಲ್ಕು ಸಲ ಕೊಡಿ, ಮೊದಲನೆಯದು ಆದಷ್ಟು ಬೇಗ. ಆಮೇಲಿನ ದಿನಗಳಲ್ಲಿ ದಿನಕ್ಕೆ ಮೈತೂಕದ ಶೇಕಡಾ 15 ರಿಂದ 20ರಷ್ಟು ಹಾಲನ್ನು ನಾಲ್ಕೈದು ಸಲ ಹಂಚಿ ಕೊಡಿ. ಹಾಲು 39 ಡಿಗ್ರಿ ಆಸುಪಾಸು ಬೆಚ್ಚಗಿರಲಿ.

ಮರಿ ನಿಂತುಕೊಂಡೇ ಕುಡಿಯಲಿ, ಬಾಟಲಿಯನ್ನು ಕೆಚ್ಚಲಿನ ಎತ್ತರದಲ್ಲಿ ಹಿಡಿಯಿರಿ, ಕತ್ತು ಮುಂದಕ್ಕೆ ಚಾಚಿರಲಿ. ಮೇಕೆಯ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಚೀಪುವಾಗ ಮರಿಯ ಅನ್ನನಾಳದ ಕೊನೆಯಲ್ಲಿ ಒಂದು ಕಾಲುವೆ ಕೊಳವೆಯಂತೆ ಮುಚ್ಚಿಕೊಂಡು ಹಾಲನ್ನು ನೇರವಾಗಿ ಕೊನೆಯ ಹೊಟ್ಟೆಗೆ ಕಳಿಸುತ್ತದೆ. ಬಲವಂತವಾಗಿ ಸುರಿದರೆ ಹಾಲು ದೊಡ್ಡ ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಲೇಬೇಡಿ. ನಿಪ್ಪಲ್ ತೂತು ದೊಡ್ಡದಿದ್ದರೆ ಮರಿ ಕೆಮ್ಮುತ್ತದೆ, ಮೂಗಿನಿಂದ ಹಾಲು ಬರುತ್ತದೆ. ತೂತು ಸರಿಯಿದ್ದೂ ಪ್ರತಿ ಸಲ ಮೂಗಿನಿಂದ ಹಾಲು ಬಂದರೆ ಬಾಯಿ ತೆರೆದು ಅಂಗುಳ ಸೀಳಿದೆಯೇ ನೋಡಿ.

ಬಾಟಲಿ ಸುಲಭ, ನಿಜ. ಆದರೆ ರಬ್ಬರ್ ನಿಪ್ಪಲ್‌ಗೆ ಒಗ್ಗಿದ ಮರಿ ತಾಯಿಯ ಮೊಲೆಗೆ ಬರಲು ಹಟ ಮಾಡುತ್ತದೆ. ಅದಕ್ಕೇ ತಾಯಿಯಲ್ಲಿ ಹಾಲಿದ್ದು, ಮರಿಗೆ ಚೀಪುವ ಶಕ್ತಿ ಇದ್ದರೆ ನಾನು ಬಾಟಲಿ ಮುಟ್ಟುವುದಿಲ್ಲ.

ತಾಯಿಯಲ್ಲಿ ಗಿಣ್ಣು ಹಾಲೇ ಇಲ್ಲದಿದ್ದರೆ?

ಆ ದಿನ ಈದ ಇನ್ನೊಂದು ಮೇಕೆಯ ಗಿಣ್ಣು ಎಲ್ಲಕ್ಕಿಂತ ಉತ್ತಮ. ಅದು ಸಿಗದಿದ್ದರೆ ಆರೋಗ್ಯವಂತ ಹಸುವಿನ ಗಿಣ್ಣು. ಹಾಲು ಹೆಚ್ಚಿರುವ ಮೇಕೆ ಈದಾಗ ಮೊದಲ ದಿನದ ಗಿಣ್ಣನ್ನು ಸಣ್ಣ ಸಣ್ಣ ಬಾಟಲಿಯಲ್ಲಿ ಫ್ರೀಜರ್‌ಗೆ ಹಾಕಿಟ್ಟರೆ ಸುಮಾರು ಒಂದು ವರ್ಷ ಬರುತ್ತದೆ. ಕರಗಿಸುವಾಗ ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು ನಿಧಾನವಾಗಿ ಕರಗಿಸಿ. ಒಲೆಯ ಮೇಲೆ ಕುದಿಸಿದರೆ ನಾವು ಕಾಪಾಡಿಟ್ಟ ರೋಗ ತಡೆಯುವ ಅಂಶವೇ ಸತ್ತುಹೋಗುತ್ತದೆ. ಮೈಕ್ರೊವೇವ್ ಕೂಡ ಬೇಡ.

ಟ್ಯೂಬ್ ಹಾಕಿ ಹಾಲು ಕೊಡಬಹುದಾ?

ಮೈ ಬೆಚ್ಚಗಿದ್ದು, ಎಚ್ಚರವಿದ್ದು, ಚೀಪಲು ಮಾತ್ರ ಆಗದ ಮರಿಗೆ ಅದು ಜೀವ ಉಳಿಸುತ್ತದೆ. ಆದರೆ ಬಲ್ಲವರ ಕೈಯಲ್ಲಿ ಒಂದೆರಡು ಸಲ ನೋಡಿ ಕಲಿತ ಮೇಲೆ ಮಾಡಿ. ಟ್ಯೂಬ್ ಶ್ವಾಸನಾಳಕ್ಕೆ ಹೋದರೆ ಮರಿಯನ್ನು ನಾವೇ ಮುಳುಗಿಸಿದಂತೆ.

ಬಾಲದ ಕೆಳಗೆ ಹಳದಿ ಅಂಟು ಕಟ್ಟಿದೆ. ಭೇದಿಯಾ?

ಅಲ್ಲ. ಮೊದಲ ಹಿಕ್ಕೆ ಕಪ್ಪಗೆ ಡಾಂಬರಿನಂತೆ ಬರುತ್ತದೆ. ಗಿಣ್ಣು ಹೊಟ್ಟೆಗೆ ಹೋದ ಮೇಲೆ ಹಳದಿಯಾಗಿ ಅಂಟಂಟಾಗುತ್ತದೆ. ಅಂದರೆ ಹಾಲು ಹೋಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಒಣಗಿ ಗುದದ್ವಾರ ಮುಚ್ಚಿಕೊಂಡರೆ ಮಾತ್ರ ಕಷ್ಟ. ಬೆಚ್ಚಗಿನ ನೀರಿನ ಬಟ್ಟೆಯಿಂದ ನೆನೆಸಿ ಮೆಲ್ಲಗೆ ಬಿಡಿಸಿ. ನೀರಿನಂತೆ ಹೋಗುತ್ತಿದ್ದು ಮರಿ ಸೊರಗಿದ್ದರೆ ಅದು ಭೇದಿ, ಡಾಕ್ಟರಿಗೆ ತೋರಿಸಿ.

ಎಷ್ಟು ದಿನ ಹೀಗೆ ಕಣ್ಣಿಟ್ಟು ನೋಡಬೇಕು?

ಮೊದಲ ರಾತ್ರಿ ಮೂರು ನಾಲ್ಕು ಗಂಟೆಗೊಮ್ಮೆ ಎದ್ದು ಹೊಟ್ಟೆ ಮುಟ್ಟಿ ನೋಡಿ. ಮೂರು ದಿನ ಬೆಳಗ್ಗೆ ಸಂಜೆ ನೋಡಿ. ಆಮೇಲೆ ಎರಡು ವಾರ ದಿನಕ್ಕೊಮ್ಮೆ ಒಂದೇ ಹೊತ್ತಿಗೆ ತೂಕ ಮಾಡಿ ಬರೆದಿಡಿ. ಚಿಕ್ಕ ತಕ್ಕಡಿ ಸಾಕು, ಮರಿಯನ್ನು ಚೀಲದಲ್ಲಿ ಕೂರಿಸಿ ನೇತು ಹಾಕಿದರಾಯಿತು. ತೂಕ ದಿನವೂ ಸ್ವಲ್ಪ ಸ್ವಲ್ಪ ಏರಬೇಕು. ಒಂದು ದಿನ ಏರದೆ ನಿಂತರೆ ಮರಿಯನ್ನು ಕೆಳಗಿಳಿಸಿ, ಮೊದಲು ತಾಯಿಯ ಎರಡೂ ಮೊಲೆ ಹಿಂಡಿ ನೋಡಿ.